ಸಂಬಳ ನಿಂತ ಮನೆಗೆ ಚಿಕಿತ್ಸೆಯ ಭದ್ರತೆ

ಕರ್ತವ್ಯದಲ್ಲಿದ್ದಾಗಲೇ ಪ್ರಾಣ ಕಳೆದುಕೊಂಡ ಪೊಲೀಸ್ ಸಿಬ್ಬಂದಿಯ ಕುಟುಂಬಕ್ಕೆ ಸರ್ಕಾರದಿಂದ ದೊರೆಯುವ ನೆರವು ಸ್ಥೂಲವಾಗಿ ಎರಡು ಬಗೆಯದು. ಪರಿಹಾರಧನ, ಜೀವವಿಮೆಯ ಮೊತ್ತ ಮತ್ತು ಸೇವಾವಧಿಗೆ ಅನುಗುಣವಾಗಿ ಲೆಕ್ಕ ಹಾಕುವ ಉಪದಾನ ಒಮ್ಮೆ ಕೈಸೇರಿ ಮುಗಿಯುವಂಥವು. ಕುಟುಂಬ ಪಿಂಚಣಿ ಮತ್ತು ಮೃತರ ಅವಲಂಬಿತರಲ್ಲಿ ಒಬ್ಬರಿಗೆ ಅನುಕಂಪದ ಆಧಾರದಲ್ಲಿ ನೀಡುವ ಉದ್ಯೋಗ ಮುಂದೆಯೂ ಆಸರೆಯಾಗಿ ನಿಲ್ಲುವಂಥವು. ಈ ಎರಡೂ ಬಗೆಗಳಲ್ಲಿ ಗಟ್ಟಿಯಾದ ನೆಲೆ ಕಾಣದೆ ಉಳಿದಿರುವುದು ಚಿಕಿತ್ಸೆಯ ಭದ್ರತೆ. ಮೃತರ ವಯಸ್ಸಾದ ತಂದೆತಾಯಿಗೆ ಬರುವ ಹೃದಯದ ತೊಂದರೆಯಾಗಲಿ, ವಾರಕ್ಕೆ ಎರಡು ಮೂರು ಬಾರಿ ಮಾಡಿಸಬೇಕಾದ ಡಯಾಲಿಸಿಸ್ ಆಗಲಿ, ಮಕ್ಕಳ ಶಸ್ತ್ರಚಿಕಿತ್ಸೆಯಾಗಲಿ ಪರಿಹಾರಧನ ಬಂದ ವರ್ಷವೇ ಬರುತ್ತದೆಂಬ ನಿಯಮವಿಲ್ಲದ ಕಾರಣ, ಈ ಕೊರತೆ ಆ ಮನೆಗಳನ್ನು ಬಹುಕಾಲ ಕಾಡುತ್ತದೆ.

ಈ ಕೊರತೆಯನ್ನು ಕರಾವಳಿಯ ಮೂರು ತಾಲ್ಲೂಕುಗಳ ಮೂಲಕ ನೋಡಬಹುದು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಪೊಲೀಸ್ ಆಡಳಿತದ ದೃಷ್ಟಿಯಿಂದ ಒಂದೇ ಅಲ್ಲ. ಬಂಟ್ವಾಳ, ವಿಟ್ಲ, ಬೆಳ್ತಂಗಡಿ, ವೇಣೂರು, ಧರ್ಮಸ್ಥಳ ಮುಂತಾದ ಠಾಣೆಗಳು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಅಧೀನದಲ್ಲಿದ್ದರೆ, ಮೂಡುಬಿದಿರೆ ಠಾಣೆ 2010ರಲ್ಲಿ ಅಸ್ತಿತ್ವಕ್ಕೆ ಬಂದ ಮಂಗಳೂರು ನಗರ ಪೊಲೀಸ್ ಕಮಿಷನರೇಟಿಗೆ ಸೇರಿದೆ. ಚಾರ್ಮಾಡಿ ಘಾಟಿಯ ಅಪಘಾತಗಳು, ಧರ್ಮಸ್ಥಳದ ಲಕ್ಷದೀಪೋತ್ಸವದ ಬಂದೋಬಸ್ತು, ಬಂಟ್ವಾಳದ ಕೋಮು ಉದ್ವಿಗ್ನತೆಯ ದಿನಗಳ ನಿದ್ದೆಯಿಲ್ಲದ ಗಸ್ತು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಕಾಡುಗಳಲ್ಲಿ ವರ್ಷಗಟ್ಟಲೆ ನಡೆದ ನಕ್ಸಲ್ ಶೋಧ, ಇವೆಲ್ಲ ಈ ಭಾಗದ ಪೊಲೀಸ್ ಕೆಲಸದ ಒಳಗೇ ಇರುವ ಅಪಾಯಗಳು. 2011ರ ಅಕ್ಟೋಬರ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕಾಡಿನಲ್ಲಿ ನಡೆದ ಕಾರ್ಯಾಚರಣೆಯ ವೇಳೆ ನಕ್ಸಲ್ ನಿಗ್ರಹ ದಳದ ಕಾನ್‌ಸ್ಟೆಬಲ್ ಮಹಾದೇವ ಮಾನೆ ಗುಂಡೇಟಿಗೆ ಬಲಿಯಾದರು. 2025ರ ಆರಂಭದಲ್ಲಿ ಉಳಿದಿದ್ದ ನಕ್ಸಲರು ಶರಣಾದ ಮೇಲೆ ಆ ಅಧ್ಯಾಯ ಮುಗಿದಂತಾಯಿತು. ಆದರೆ ಅದೇ ವರ್ಷ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ರಚನೆಯಾದುದನ್ನು ನೋಡಿದರೆ, ಅಪಾಯ ಕಾಡಿನಿಂದ ಪೇಟೆಗೆ ಬಂದಿದೆಯೇ ಹೊರತು ಕಡಿಮೆಯಾಗಿಲ್ಲ.

ಕರ್ತವ್ಯದಲ್ಲಿ ಮಡಿದವರನ್ನು ನೆನೆಯಲು ನಿಶ್ಚಿತ ದಿನಗಳಿವೆ. ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ 1959ರ ಅಕ್ಟೋಬರ್ 21ರಂದು ಚೀನೀ ಪಡೆಯ ದಾಳಿಗೆ ಹತ್ತು ಮಂದಿ ಪೊಲೀಸರು ಬಲಿಯಾದ ನೆನಪಿಗೆ ದೇಶದಾದ್ಯಂತ ಆ ದಿನ ಪೊಲೀಸ್ ಹುತಾತ್ಮರ ದಿನಾಚರಣೆ ನಡೆಯುತ್ತದೆ. ಆಯಾ ವರ್ಷ ಮಡಿದ ಪೊಲೀಸರ ಹೆಸರುಗಳನ್ನು ಓದಿ, ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಸಲ್ಲಿಸಲಾಗುತ್ತದೆ. ಕರ್ನಾಟಕದಲ್ಲಿ ಇದಲ್ಲದೆ ಏಪ್ರಿಲ್ 2 ಪೊಲೀಸ್ ಧ್ವಜ ದಿನ. ರಾಜ್ಯದ ಪೊಲೀಸ್ ಕಾಯ್ದೆ 1965ರಲ್ಲಿ ಜಾರಿಗೆ ಬಂದ ದಿನವದು. ಅಂದು ಮಾರುವ ಚಿಕ್ಕ ಧ್ವಜಗಳಿಂದ ಸಂಗ್ರಹವಾಗುವ ಹಣ ಸೇವೆಯಲ್ಲಿರುವ ಹಾಗೂ ನಿವೃತ್ತರಾದ ಪೊಲೀಸರ ಕಲ್ಯಾಣಕ್ಕೆ ಸಲ್ಲುತ್ತದೆ. ಗೌರವದ ವ್ಯವಸ್ಥೆ ಹೀಗೆ ನಿಶ್ಚಿತವಾಗಿದ್ದರೂ, ಆರೋಗ್ಯದ ವ್ಯವಸ್ಥೆ ಅಷ್ಟು ನಿಶ್ಚಿತವಾಗಿಲ್ಲ.

ಇದರ ಕಾರಣ ಯೋಜನೆಗಳ ರಚನೆಯಲ್ಲೇ ಇದೆ. ರಾಜ್ಯದ ಪೊಲೀಸರಿಗಾಗಿ ಇರುವ ಆರೋಗ್ಯ ಭಾಗ್ಯ ಯೋಜನೆ ನಗದುರಹಿತ ಚಿಕಿತ್ಸೆಯನ್ನು ಒದಗಿಸುತ್ತದೆ. ಅಂದರೆ ಇಲಾಖೆ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ರೋಗಿ ಹಣ ಕಟ್ಟದೆ ಚಿಕಿತ್ಸೆ ಪಡೆದು, ಬಿಲ್ಲಿನ ಇತ್ಯರ್ಥ ಆಸ್ಪತ್ರೆ ಮತ್ತು ಇಲಾಖೆಯ ನಡುವೆ ಆಗುತ್ತದೆ. ಇದು ಸೇವೆಯಲ್ಲಿರುವ ಸಿಬ್ಬಂದಿ ಮತ್ತು ಅವರ ಅವಲಂಬಿತರನ್ನು ಮುಖ್ಯವಾಗಿ ಕಣ್ಣಮುಂದಿಟ್ಟುಕೊಂಡು ರೂಪಿಸಿದ ಯೋಜನೆ. ಚಿಕಿತ್ಸೆಯ ವೆಚ್ಚ ಮರುಪಾವತಿಗೆ ಸಂಬಂಧಿಸಿದ 1963ರ ಸರ್ಕಾರಿ ನೌಕರರ ವೈದ್ಯಕೀಯ ಹಾಜರಾತಿ ನಿಯಮಗಳೂ ಹೆಸರೇ ಹೇಳುವಂತೆ ನೌಕರನನ್ನು ಕೇಂದ್ರದಲ್ಲಿಟ್ಟುಕೊಂಡಿವೆ. ರಾಜ್ಯ ನೌಕರರಿಗಾಗಿ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಯ ವಂತಿಗೆಯನ್ನು, ‘ಎ’ ಗುಂಪಿನವರಿಗೆ ತಿಂಗಳಿಗೆ 1,000 ರೂಪಾಯಿಯಿಂದ ‘ಡಿ’ ಗುಂಪಿನವರಿಗೆ 250 ರೂಪಾಯಿಯವರೆಗೆ, ವೇತನದಿಂದಲೇ ಕಡಿತ ಮಾಡಲಾಗುತ್ತದೆ. ಹೆಂಡತಿ, ಮಕ್ಕಳು, ತಂದೆತಾಯಿ ಇವರೆಲ್ಲರ ಅರ್ಹತೆ ನೌಕರನ ಸಂಬಳದ ಬಿಲ್ಲಿಗೆ ಕಟ್ಟಿದ ದಾರದಂತೆ ನಿಂತಿರುವುದರಿಂದ, ಬಿಲ್ಲು ನಿಂತ ತಿಂಗಳೇ ಆ ದಾರವೂ ಸಡಿಲಗೊಳ್ಳುತ್ತದೆ. ಯೋಜನೆ ರೂಪಿಸಿದವರ ನಿರ್ದಯತೆಯಿಂದ ಹೀಗಾದದ್ದಲ್ಲ. ನೌಕರನಿಲ್ಲದ ನೌಕರನ ಕುಟುಂಬವೆಂಬುದು ಅವರ ಲೆಕ್ಕಾಚಾರದೊಳಗೆ ಮುಖ್ಯ ಸ್ಥಾನ ಪಡೆಯಲಿಲ್ಲ, ಅಷ್ಟೆ. ಮೈಸೂರು ಸಂಸ್ಥಾನ 1891ರಷ್ಟು ಹಿಂದೆಯೇ ನೌಕರರ ಜೀವವಿಮೆಗೆ ಪ್ರತ್ಯೇಕ ಇಲಾಖೆ ತೆರೆದಿತ್ತು, ಅದು ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಾಗಿ ಮುಂದುವರಿದಿದೆ. ಸಾವಿನ ನಂತರದ ಹಣದ ಬಗ್ಗೆ ಅಷ್ಟು ಮುಂಚೆಯೇ ಯೋಚಿಸಿದ ನಾಡು, ಸಾವಿನ ನಂತರದ ಕಾಯಿಲೆಯ ಬಗ್ಗೆ ಇನ್ನೂ ಅದೇ ದೃಢತೆಯಿಂದ ಯೋಚಿಸಬೇಕಾಗಿದೆ.

ಸಾರ್ವಜನಿಕರಿಗೆಲ್ಲ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಈ ಕುಟುಂಬಗಳಿಗೂ ತೆರೆದಿದೆಯಾದರೂ, ಅಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಪೂರ್ಣ ಉಚಿತವಾಗಿದ್ದರೆ, ಎಪಿಎಲ್ ಕುಟುಂಬಕ್ಕೆ ಸರ್ಕಾರ ಭರಿಸುವುದು ನಿಗದಿತ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ. ಸರ್ಕಾರಿ ನೌಕರನ ಮನೆಗೆ ಬಿಪಿಎಲ್ ಚೀಟಿ ಇರುವುದಿಲ್ಲ. ಕುಟುಂಬ ಪಿಂಚಣಿ ಬರುವ ಮನೆಗೆ ಅದು ಸಿಗುವುದೂ ಸುಲಭವಲ್ಲ. ತುರ್ತು ಸಂದರ್ಭವನ್ನು ಬಿಟ್ಟರೆ ಮೊದಲು ಬೆಳ್ತಂಗಡಿ ಅಥವಾ ಬಂಟ್ವಾಳದ ತಾಲ್ಲೂಕು ಆಸ್ಪತ್ರೆಗೋ ಮೂಡುಬಿದಿರೆಯ ಸಮುದಾಯ ಆರೋಗ್ಯ ಕೇಂದ್ರಕ್ಕೋ ಹೋಗಿ, ಅಲ್ಲಿಂದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ, ಅಲ್ಲೂ ಆಗದಿದ್ದರೆ ಖಾಸಗಿ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯಬೇಕು. ಯಜಮಾನನಿಲ್ಲದ ಮನೆಯಲ್ಲಿ ಈ ಓಡಾಟ ಮಾಡುವವರು ಯಾರೆಂಬ ಪ್ರಶ್ನೆಗೆ ಯಾವ ಸುತ್ತೋಲೆಯಲ್ಲೂ ಉತ್ತರವಿಲ್ಲ.

ಕರಾವಳಿಯ ಠಾಣೆಗಳಿಗೆ ವಿಶಿಷ್ಟವಾದ ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಲೇಬೇಕು. ಇಲ್ಲಿ ಕೆಲಸ ಮಾಡುವ ಕಾನ್‌ಸ್ಟೆಬಲ್‌ಗಳಲ್ಲಿ ಗಣನೀಯ ಭಾಗ ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಕಡೆಯಿಂದ ಬಂದವರು. ಪೊಲೀಸ್ ವಸತಿಗೃಹದಲ್ಲೋ ಬಾಡಿಗೆ ಮನೆಯಲ್ಲೋ ಸಂಸಾರ ಹೂಡಿ, ತುಳು ಕಲಿತು, ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿದವರು. ಅಂಥ ಸಿಬ್ಬಂದಿ ಮೃತರಾದರೆ ವಸತಿಗೃಹ ತೆರವು ಮಾಡಿ ಕುಟುಂಬ ಊರಿಗೆ ಮರಳುತ್ತದೆ, ಕಾಗದಪತ್ರ ಮಾತ್ರ ಮಂಗಳೂರಿನಲ್ಲೇ ಉಳಿಯುತ್ತದೆ. ಸೇವಾ ಪುಸ್ತಕದಲ್ಲಿ, ಅಂದರೆ ನೌಕರನ ನೇಮಕದಿಂದ ಕೊನೆಯವರೆಗಿನ ವಿವರಗಳನ್ನು ದಾಖಲಿಸುವ ಕಡತದಲ್ಲಿ, ಅವಲಂಬಿತರ ಹೆಸರು, ಜನ್ಮದಿನಾಂಕ, ನಾಮನಿರ್ದೇಶನ ಸರಿಯಾಗಿ ದಾಖಲಾಗಿರದಿದ್ದರೆ ಅದನ್ನು ತಿದ್ದಿಸಲು ಕೃಷ್ಣಾ ತೀರದ ಹಳ್ಳಿಯಿಂದ ನೇತ್ರಾವತಿ ತೀರಕ್ಕೆ ಮತ್ತೆ ಮತ್ತೆ ಬರಬೇಕಾಗುತ್ತದೆ. ಆದ್ದರಿಂದ ಇಂಥ ಕುಟುಂಬಕ್ಕೆ ಕೊಡುವ ಆರೋಗ್ಯ ಭದ್ರತೆ ಮೃತರು ಕೆಲಸ ಮಾಡಿದ ಪೊಲೀಸ್ ಘಟಕಕ್ಕೆ ಅಂಟಿಕೊಳ್ಳದೆ ಕುಟುಂಬದ ಜೊತೆ ಪ್ರಯಾಣಿಸುವಂಥದ್ದಾಗಿರುವುದು ಅನಿವಾರ್ಯ.

ಗುಂಪು ವಿಮೆಯ ಕಲ್ಪನೆ ಈ ತಾಲ್ಲೂಕುಗಳಿಗೆ ಹೊಸದಲ್ಲ. ಬೆಳ್ತಂಗಡಿಯಲ್ಲಿ 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 2004ರಲ್ಲಿ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ‘ಸಂಪೂರ್ಣ ಸುರಕ್ಷಾ’ ಎಂಬ ಆರೋಗ್ಯ ವಿಮೆಯನ್ನು ತಂದಿತು. ಅದಕ್ಕೂ ಒಂದು ವರ್ಷ ಮೊದಲು ಸಹಕಾರಿ ಸಂಘಗಳ ಸದಸ್ಯರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆಯ ಹಿಂದಿನ ಪ್ರೇರಣೆ ಮೂಡುಬಿದಿರೆಗೆ ಸಮೀಪದ ಕಿನ್ನಿಗೋಳಿ ಮೂಲದ ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರದು. ಬೀಡಿ ಕಟ್ಟುವವರೂ ಸಣ್ಣ ಕೃಷಿಕರೂ ಚಿಕ್ಕ ಮೊತ್ತ ಕೂಡಿಸಿ ಪರಸ್ಪರರ ಆಸ್ಪತ್ರೆ ವೆಚ್ಚ ಹೊರಬಹುದೆಂಬುದು ಇಲ್ಲಿ ಸಾಬೀತಾಗಿರುವಾಗ, ರಾಜ್ಯಕ್ಕಾಗಿ ಪ್ರಾಣ ತೆತ್ತವರ ಮನೆಗಳ ಕಂತನ್ನು ರಾಜ್ಯ ಹೊರಲಾರದೆಂದು ಹೇಳುವುದು ಕಷ್ಟ.

ಬೇರೆಡೆಯ ಮಾದರಿಗಳೂ ಇದನ್ನೇ ಸೂಚಿಸುತ್ತವೆ. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಕುಟುಂಬ ಪಿಂಚಣಿದಾರರೂ ವಂತಿಗೆ ನೀಡಿ ಸದಸ್ಯರಾಗಿ ಮುಂದುವರಿಯಬಹುದು. ಅಮೆರಿಕದ ಇಲಿನಾಯ್ ರಾಜ್ಯ 1997ರಲ್ಲಿ ತಂದ ಕಾಯ್ದೆ ಇನ್ನೂ ಮುಂದೆ ಹೋಗಿ, ಕರ್ತವ್ಯದಲ್ಲಿ ಮಡಿದ ಪೊಲೀಸ್ ಅಥವಾ ಅಗ್ನಿಶಾಮಕ ಸಿಬ್ಬಂದಿಯ ಸಂಗಾತಿ ಮತ್ತು ಅವಲಂಬಿತ ಮಕ್ಕಳ ಆರೋಗ್ಯ ವಿಮೆಯ ಪೂರ್ತಿ ಕಂತನ್ನು ಉದ್ಯೋಗ ನೀಡಿದ ಸ್ಥಳೀಯ ಸಂಸ್ಥೆಯೇ ಕಟ್ಟಬೇಕೆಂದು ವಿಧಿಸಿತು. ಮಗು ಅವಲಂಬಿತವಾಗಿ ಅಥವಾ ವಿದ್ಯಾರ್ಥಿಯಾಗಿ ಉಳಿದಿದ್ದರೆ 25 ವರ್ಷ ತುಂಬುವ ವರ್ಷದ ಕೊನೆಯವರೆಗೂ ಈ ಹಕ್ಕು ಇರುತ್ತದೆ. ಆದರೆ ಸಂಗಾತಿ ಮತ್ತು ಮಕ್ಕಳನ್ನು ಹೆಸರಿಸುವ ಆ ಕಾಯ್ದೆಯನ್ನು ಹಾಗೆಯೇ ತಂದರೆ ಇಲ್ಲಿಗೆ ಸಾಲದು, ಏಕೆಂದರೆ ಇಲ್ಲಿನ ಮನೆಗಳಲ್ಲಿ ಮಗನ ಸಂಬಳವನ್ನೇ ನಂಬಿದ ತಂದೆತಾಯಿಗಳಿದ್ದಾರೆ.

ಈ ತಂದೆತಾಯಿಗಳ ಸ್ಥಿತಿ ಅನುಕಂಪದ ನೇಮಕಾತಿಯಲ್ಲಿ ಸೂಕ್ಷ್ಮವಾಗುತ್ತದೆ. 1996ರ ನಿಯಮಗಳ ಪ್ರಕಾರ ಮರಣದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ನೇಮಕಾತಿ ಆದೇಶ ಕೈಸೇರಲು ಮತ್ತಷ್ಟು ಕಾಲ ಹಿಡಿಯುತ್ತದೆ. ಮೃತರ ಪತ್ನಿ ಕೆಲಸಕ್ಕೆ ಸೇರಿದ ಮೇಲೆ ಅವರೇ ನೌಕರರಾಗಿ ಆರೋಗ್ಯ ಸೌಲಭ್ಯಕ್ಕೆ ಅರ್ಹರಾಗುತ್ತಾರೆ, ಮಕ್ಕಳೂ ಅದರಲ್ಲಿ ಸೇರುತ್ತಾರೆ. ಆದರೆ ಮೃತರ ತಂದೆತಾಯಿ ಈಗ ನೌಕರಳ ಅತ್ತೆ ಮಾವ. ಅವರು ಒಳಗೊಳ್ಳುವರೋ ಇಲ್ಲವೋ ಎಂಬುದು ಆಯಾ ಯೋಜನೆ ‘ಕುಟುಂಬ’ವನ್ನು ಹೇಗೆ ವ್ಯಾಖ್ಯಾನಿಸಿದೆ ಎಂಬುದನ್ನು ಅವಲಂಬಿಸುತ್ತದೆ. ಮಗನನ್ನು ಕಳೆದುಕೊಂಡವರು ಮಗನ ಮೂಲಕ ಬಂದಿದ್ದ ಔಷಧಿಯನ್ನೂ ಕಳೆದುಕೊಳ್ಳುವಂತಾಗುವುದು ಅನ್ಯಾಯ.

ಕರ್ತವ್ಯದ ಸಾವು ಎಂದರೇನು ಎಂಬ ಪ್ರಶ್ನೆಯೂ ಇಲ್ಲಿ ಬರುತ್ತದೆ. ಗುಂಡೇಟಿಗೋ ಚಾಕು ಇರಿತಕ್ಕೋ ಬಲಿಯಾದವರನ್ನು ಗುರುತಿಸುವುದು ಸುಲಭ. ಸತತ ಬಂದೋಬಸ್ತಿನ ನಡುವೆ ಹೃದಯಾಘಾತವಾದವರನ್ನು, ರಾತ್ರಿ ಗಸ್ತಿನಿಂದ ಮರಳುವಾಗ ಹೆದ್ದಾರಿಯಲ್ಲಿ ಅಪಘಾತಕ್ಕೀಡಾದವರನ್ನು ಗುರುತಿಸುವಾಗ ಕಡತ ನಿಧಾನವಾಗುತ್ತದೆ. ಪದಕ ಮತ್ತು ವಿಶೇಷ ಪರಿಹಾರಧನದಲ್ಲಿ ಈ ಭೇದಕ್ಕೆ ಅರ್ಥವಿರಬಹುದು, ಚಿಕಿತ್ಸೆಯಲ್ಲಿ ಇರಲಾರದು, ಏಕೆಂದರೆ ಎರಡೂ ಮನೆಗಳ ಮಕ್ಕಳಿಗೆ ಬರುವ ಜ್ವರ ಒಂದೇ.

ಬೇಕಾಗಿರುವ ಆದೇಶ ದೊಡ್ಡದೇನೂ ಅಲ್ಲ. ಸೇವೆಯಲ್ಲಿದ್ದಾಗ ಮೃತರಾದ ಪೊಲೀಸ್ ಸಿಬ್ಬಂದಿಯ ಹೆಸರಿನಲ್ಲಿದ್ದ ಆರೋಗ್ಯ ಸೌಲಭ್ಯ ಮರಣದ ಮರುದಿನದಿಂದಲೇ, ಅರ್ಜಿಗೆ ಕಾಯದೆ, ಕುಟುಂಬ ಪಿಂಚಣಿಯ ಸಂಖ್ಯೆಗೆ ವರ್ಗವಾಗಬೇಕು. ಸಂಗಾತಿಗೂ ತಂದೆತಾಯಿಗೂ ಜೀವಿತಾವಧಿಯವರೆಗೆ, ಮಕ್ಕಳಿಗೆ ವಿದ್ಯಾಭ್ಯಾಸ ಮುಗಿಯುವವರೆಗೆ ಅದು ನಡೆಯಬೇಕು. ಮಂಗಳೂರಿನ ಆಸ್ಪತ್ರೆಯಲ್ಲಿ ನಡೆಯುವ ಚೀಟಿ ವಿಜಯಪುರದಲ್ಲೂ ನಡೆಯಬೇಕು. ವಂತಿಗೆಯನ್ನು ಸರ್ಕಾರ ಭರಿಸಬೇಕು. ಆದೇಶ ಬರುವವರೆಗೆ, ಬಂಟ್ವಾಳದಿಂದ ಮೂಡುಬಿದಿರೆಯವರೆಗಿನ ಪ್ರತಿ ಠಾಣೆಯಲ್ಲೂ ವರ್ಷಕ್ಕೊಮ್ಮೆ ಸಿಬ್ಬಂದಿಯ ಸೇವಾ ಪುಸ್ತಕ ತೆರೆದು ಅವಲಂಬಿತರ ವಿವರ ಮತ್ತು ನಾಮನಿರ್ದೇಶನವನ್ನು ಸರಿಪಡಿಸಿ, ಅದರ ಒಂದು ಪ್ರತಿಯನ್ನು ಸಿಬ್ಬಂದಿಯ ಮನೆಗೆ ತಲುಪಿಸುವ ಕೆಲಸವನ್ನು ಈಗಿರುವ ಅಧಿಕಾರದೊಳಗೇ ಮಾಡಬಹುದು.