ಅಜ್ಜಿಯ ತಂಬಿಗೆಗೂ ಅದೇ ಸೌಟು

ಸೊರಬ ತಾಲ್ಲೂಕಿನ ಹಳ್ಳಿಯೊಂದರ ಡೇರಿ. ಬೆಳಗಿನ ಆರೂವರೆ. ಸಹಕಾರ ಸಂಘ ನಡೆಯುವ ಬಗೆ ತಿಳಿಯಲು ಹೋದವನ ಕಣ್ಣು ಹಾಲು ಪರೀಕ್ಷಿಸುವ ಅಕ್ಕನ ಕೈಮೇಲೆಯೇ ನಿಂತುಬಿಟ್ಟಿತು. ಕ್ಯಾನಿನ ಹಾಲು ಕಲಕಿ, ಸೌಟಿನಲ್ಲಿ ಮಾದರಿ ಎತ್ತಿ, ಯಂತ್ರಕ್ಕೆ ಹಿಡಿಯುತ್ತಾರೆ. ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ಅಂಕಿ ಮೂಡುತ್ತವೆ. ದರ ನಿಲ್ಲುವುದು ಅವುಗಳ ಮೇಲೆ. ಹತ್ತು ಹಸು ಕಟ್ಟಿದವರ ಕ್ಯಾನು ಮುಗಿಯಿತು. ಹಿಂದೆಯೇ ಒಂದೂವರೆ ಲೀಟರಿನ ತಂಬಿಗೆ ಹಿಡಿದ ಅಜ್ಜಿ. ಅವರ ಮಲೆನಾಡು ಗಿಡ್ಡ ಹಸುವಿನ ಹಾಲಿಗೂ ಅದೇ ಸೌಟು, ಅದೇ ಯಂತ್ರ. ಫ್ಯಾಟು ಮೊದಲಿನವರಿಗಿಂತ ಹೆಚ್ಚೇ ಬಂತು. ಅಜ್ಜಿ ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹಾಲನ್ನು ಹೀಗೆ ಅಳೆಯುವ ಸಂಘ ಸದಸ್ಯರನ್ನು ಅಳೆಯುವುದಿಲ್ಲ. ಕಂಪನಿಯಲ್ಲಿ ಷೇರು ಹೆಚ್ಚಿದಷ್ಟೂ ಮತ ಹೆಚ್ಚು. ಇಲ್ಲಿ ತಲೆಗೊಂದೇ ಮತ. ಆಡಳಿತ ಮಂಡಳಿಯನ್ನು ಐದು ವರ್ಷಕ್ಕೊಮ್ಮೆ ಸದಸ್ಯರೇ ಆರಿಸುತ್ತಾರೆ. ನಿವ್ವಳ ಲಾಭದಲ್ಲಿ ಕನಿಷ್ಠ ಶೇ 25 ಆಪದ್ಧನಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ ಷೇರಿಗೆ ಲಾಭಾಂಶ, ಹಾಕಿದ ಹಾಲಿಗೆ ತಕ್ಕ ಬೋನಸ್.

ಸಹಕಾರದ ಈ ದಾರಿಗೆ ನಾಡಿನಲ್ಲಿ ನೂರು ವರ್ಷ ದಾಟಿದೆ. 1904ರ ಸಹಕಾರ ಸಾಲ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಮಲೆನಾಡಿನ ಅಡಿಕೆಗೆ 1939ರಲ್ಲಿ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಬಂತು. ಶಿಕಾರಿಪುರ, ಸೊರಬದ ಭತ್ತ, ಮೆಕ್ಕೆಜೋಳದ ರೈತರಿಗೆ ಸಾಲ, ಗೊಬ್ಬರಕ್ಕೆ ವ್ಯವಸಾಯ ಸೇವಾ ಸಹಕಾರ ಸಂಘವಿದೆ. ಹಾಲು ಹಳ್ಳಿಯ ಡೇರಿಯಿಂದ ಮಾಚೇನಹಳ್ಳಿಯ ಹಾಲು ಒಕ್ಕೂಟ ಶಿಮುಲ್‌ಗೆ ಸೇರುತ್ತದೆ. ಅದರ ಮೇಲೆ ರಾಜ್ಯದ ಹಾಲು ಮಹಾಮಂಡಳ ಕೆಎಂಎಫ್. ಶಿಕಾರಿಪುರದ ಆಗಿನ ಶಾಸಕ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರುವಾಯಿತು. ಮುಂದೆ ಅದು 5 ರೂಪಾಯಿಗೆ ಏರಿತು.

ಆದರೂ ಹಿಂಡಿಯ ಬೆಲೆ ಏರುತ್ತಲೇ ಇದೆ. ಕೊಟ್ಟಿಗೆಗಳು ಖಾಲಿಯಾಗುತ್ತಿವೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. ಸಂಘದ ಚುನಾವಣೆಗೆ ಪಕ್ಷದ ಬಣ್ಣ ಬಳಿದರೆ, ಬಟವಾಡೆಯ ದಿನ ಮಾತ್ರ ನೆನಪಾಗುವ ಕಚೇರಿಯಾಗಿ ಡೇರಿಯನ್ನು ಕಂಡರೆ, ಕಾಯ್ದೆ ಎಷ್ಟಿದ್ದರೂ ಸಂಘ ಉಳಿಯದು. ಅದು ಉಳಿಯುವುದು ಸಭೆಗೆ ಬಂದು ಲೆಕ್ಕ ಕೇಳುವವರಿಂದ.

ತಂಬಿಗೆ ತೊಳೆದು ಹೊರಟ ಅಜ್ಜಿಗೆ ಅಕ್ಕ ಸರ್ವ ಸದಸ್ಯರ ಸಭೆಯ ದಿನ ನೆನಪಿಸಿದರು. ಹಸು ಗಬ್ಬವಾಗಿ ಹಾಲು ಬತ್ತಿದ ವರ್ಷವೂ ಅಜ್ಜಿ ಸಭೆ ತಪ್ಪಿಸಿದವರಲ್ಲವಂತೆ. ಅವರ ಮನೆಯಲ್ಲಿ ಈಗ ಹಾಲು ಕರೆಯಲು ಬರುವುದು ಅವರಿಗೊಬ್ಬರಿಗೇ.