ಗೇರ್ ಪೆಟ್ಟಿಗೆ ಬಿಚ್ಚುವ ಮುನ್ನ

ಲಾರಿ ಚಾಲಕನ ಎಡಗಾಲನ್ನು ನೀವು ಗಮನಿಸಿರಬಹುದು. ಗೇರ್ ಬದಲಿಸಿದಾಗಲೆಲ್ಲ ಅದು ಕ್ಲಚ್ ತುಳಿಯಬೇಕು. ಅಮೆರಿಕದ ರೈತರು, ಬಡಗಿಗಳು ಓಡಿಸುವ ಪಿಕಪ್ ಟ್ರಕ್ಕುಗಳಲ್ಲಿ ಹಲವಕ್ಕೆ ಆ ಪೆಡಲ್ಲೇ ಇಲ್ಲ. ಗೇರ್ ತಾನಾಗಿಯೇ ಬದಲಾಗುತ್ತದೆ. ಆದರೆ ಟ್ರಕ್ಕು ಹಳೆಯದಾಗಿ, ಒಂದು ದಿನ ಎಂಜಿನ್ ಎಷ್ಟು ಅಬ್ಬರಿಸಿದರೂ ಗಾಡಿ ಮುಂದೆ ಸಾಗದಿದ್ದರೆ ಮಾಲೀಕನ ಎದೆ ಧಸಕ್ಕೆನ್ನುತ್ತದೆ. ಗೇರ್ ಪೆಟ್ಟಿಗೆ ಬಿಚ್ಚಿ ಮತ್ತೆ ಕಟ್ಟಿಸುವ ಖರ್ಚು ಕೆಲವೊಮ್ಮೆ ಆ ಹಳೆಯ ಟ್ರಕ್ಕಿನ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ದೋಷ ಎಲ್ಲಿದೆ ಎಂದು ತಿಳಿಯಬೇಕು.

ಜನರಲ್ ಮೋಟಾರ್ಸ್ ಕಂಪೆನಿ 1982ರ ಮಾದರಿಗಳೊಂದಿಗೆ ಬಳಕೆಗೆ ತಂದ 700ಆರ್4 ಎಂಬ ನಾಲ್ಕು ಗೇರ್‌ಗಳ ಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. 1980ರ ದಶಕದ ಅನೇಕ ಷೆವ್ರೊಲೆ ಪಿಕಪ್‌ಗಳಲ್ಲಿ ಇದಿತ್ತು. ಇದರಲ್ಲಿ ಯಾವಾಗ ಗೇರ್ ಬದಲಾಗಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್ ಅಲ್ಲ, ಎಣ್ಣೆಯ ಒತ್ತಡ.

ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿ. ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿದರೆ ಅದೇ ಟಾರ್ಕ್ ಕನ್ವರ್ಟರ್. (ನಡುವೆ ಇನ್ನೊಂದು ಚಕ್ರವಿದ್ದು, ಅದು ಎಣ್ಣೆಯ ದಿಕ್ಕನ್ನು ತಿರುವಿ ಬಲ ಹೆಚ್ಚಿಸುತ್ತದೆ, ಸದ್ಯಕ್ಕೆ ಅದು ಹಾಗಿರಲಿ.) ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲಪುವುದು ಹೀಗೆ ಎಣ್ಣೆಯ ಮೂಲಕ. ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದೂ ಅದೇ ಎಣ್ಣೆ, ತಂಪು ಮಾಡುವುದೂ ಅದೇ. ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ಹೀರುತ್ತದೆ. ಗುಳ್ಳೆಗಳು ತುಂಬಿದ ಎಣ್ಣೆ ಅದುಮಿದಷ್ಟೂ ಕುಗ್ಗುತ್ತದೆ, ಒತ್ತಡ ಏರುವುದಿಲ್ಲ. ಆಗ ಕ್ಲಚ್ಚು ಜಾರಿ, ಕಾದು, ಸುಟ್ಟುಹೋಗುತ್ತದೆ.

ಆದ್ದರಿಂದ ಮೊದಲ ಪರೀಕ್ಷೆಗೆ ಒಂದು ಬಿಳಿ ಬಟ್ಟೆ ಸಾಕು. ಟ್ರಕ್ಕನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಕೈಬ್ರೇಕ್ ಹಾಕಿ. ಬಿಸಿಯಾದ ಎಂಜಿನ್ ಓಡುತ್ತಿರುವಾಗಲೇ, ಗೇರ್ ಪಾರ್ಕ್‌ನಲ್ಲಿರುವಂತೆ, ಅಳತೆಕಡ್ಡಿ ಎಳೆದು ಬಟ್ಟೆಗೆ ಒರೆಸಿ ನೋಡಿ. ಎಂಜಿನ್ ನಿಲ್ಲಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ತಿಳಿ ಕೆಂಪು ಬಣ್ಣವಿದ್ದರೆ ಆರೋಗ್ಯ. ಕಂದುಬಣ್ಣದ ಜೊತೆಗೆ ಕರಕಲು ವಾಸನೆಯಿದ್ದರೆ ಕ್ಲಚ್ಚು ಸುಟ್ಟಿದೆ. ಗುಲಾಬಿ ಹಾಲಿನಂತಿದ್ದರೆ ನೀರು ಬೆರೆತಿದೆ. ನೀರೆಲ್ಲಿಂದ ಬಂತು? ಎಣ್ಣೆ ತಂಪಾಗುವ ಕೊಳವೆ ರೇಡಿಯೇಟರ್ ತೊಟ್ಟಿಯ ಒಳಗೇ ಇರುತ್ತದೆ. ಅದು ಒಡೆದರೆ ಎರಡೂ ಬೆರೆಯುತ್ತವೆ. ಇಲ್ಲಿ ಗೇರ್ ಪೆಟ್ಟಿಗೆಯನ್ನಷ್ಟೇ ದುರಸ್ತಿ ಮಾಡಿ ರೇಡಿಯೇಟರ್ ಮರೆತರೆ ಹೊಸ ಕ್ಲಚ್ಚೂ ಕೆಡುತ್ತದೆ.

ಎಣ್ಣೆ ಸರಿಯಿದೆಯೆನ್ನಿ. ಈಗ ಒಂದು ತಂತಿಯ ಕಡೆಗೆ ನೋಡಿ. ಕಾರ್ಬ್ಯುರೇಟರಿನಿಂದ ಗೇರ್ ಪೆಟ್ಟಿಗೆಗೆ ಇಳಿಯುವ ಇದರ ಹೆಸರು ಟಿ.ವಿ. ಕೇಬಲ್! ನಮ್ಮ ಟಿ.ವಿ.ಗೂ ಇದಕ್ಕೂ ನೆಂಟಸ್ತನವಿಲ್ಲ. ಥ್ರಾಟಲ್ ವಾಲ್ವ್ ಎಂಬುದರ ಮೊದಲಕ್ಷರಗಳು ಅವು. ಪೆಟ್ಟಿಗೆಯೊಳಗೆ ಒಂದು ತಕ್ಕಡಿಯಿದೆ ಎಂದುಕೊಳ್ಳಿ. ಗಾಡಿಯ ವೇಗಕ್ಕೆ ತಕ್ಕಂತೆ ಏರುವ ಎಣ್ಣೆಯ ಒತ್ತಡ ಒಂದು ತಟ್ಟೆಯಲ್ಲಿ. ಚಾಲಕ ಆಕ್ಸಿಲರೇಟರ್ ಎಷ್ಟು ತುಳಿದಿದ್ದಾನೆಂದು ಈ ಕೇಬಲ್ ತಿಳಿಸುವ ಒತ್ತಡ ಇನ್ನೊಂದರಲ್ಲಿ. ವೇಗದ ತಟ್ಟೆ ಗೆದ್ದಾಗ ಮುಂದಿನ ಗೇರ್. ಕೇಬಲ್ ಸಡಿಲವಾಗಿದ್ದರೆ ಚಾಲಕ ಬಲವಾಗಿ ತುಳಿದರೂ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಗೇರ್ ಬೇಗ ಬೇಗ, ಮೆತ್ತಗೆ ಬದಲಾಗುತ್ತದೆ. ಗಾಡಿ ಎಷ್ಟು ನಯವಾಗಿ ಹೋಗುತ್ತಿದೆ ಎಂದು ಮಾಲೀಕ ಹಿಗ್ಗುತ್ತಿರುವಾಗ ಒಳಗೆ ಒತ್ತಡ ಸಾಲದೆ ಕ್ಲಚ್ಚು ಸವೆಯುತ್ತಿರುತ್ತದೆ. ಅತಿ ಬಿಗಿಯಾಗಿದ್ದರೆ ಗೇರ್ ತಡವಾಗಿ, ಧಡಕ್ಕೆಂದು ಬೀಳುತ್ತದೆ. ಅಳತೆ ಹೊಂದದ ಬೇರೆ ಕಾರ್ಬ್ಯುರೇಟರ್ ಕೂರಿಸಿದ ಹಳೆಯ ಟ್ರಕ್ಕುಗಳಲ್ಲಿ ಈ ಕೇಬಲ್ಲನ್ನೇ ಮೊದಲು ಸಂಶಯಿಸಬೇಕು. ಸರಿಪಡಿಸಲು ಕೆಲವೇ ನಿಮಿಷ ಸಾಕು. ಸರಿಪಡಿಸದೆ ಓಡಿಸಿದರೆ ಪೆಟ್ಟಿಗೆಯೇ ಹೋದೀತು.

ಇಷ್ಟಾದರೂ ತೊಂದರೆ ಉಳಿದರೆ ಟ್ರಕ್ಕನ್ನು ಓಡಿಸಿ, ಯಾವ ಗೇರ್ ಇದೆ, ಯಾವುದಿಲ್ಲ ಎಂದು ಬರೆದುಕೊಳ್ಳಿ. ಗಣಿತದಲ್ಲಿ ನೀವು ಕಲಿತ ಗಣಗಳ ಛೇದನ ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ಪೆಟ್ಟಿಗೆಯಲ್ಲಿ ಒಂದು ಉಕ್ಕಿನ ಪಟ್ಟಿ ಎರಡನೆಯ ಮತ್ತು ನಾಲ್ಕನೆಯ ಗೇರ್‌ಗಳಲ್ಲಿ ಬಿಗಿಯುತ್ತದೆ. ಒಂದು ಕ್ಲಚ್ಚು ಮೂರು, ನಾಲ್ಕರಲ್ಲಿ ಹಿಡಿಯುತ್ತದೆ. ಎರಡು ಮತ್ತು ನಾಲ್ಕು ಹೋಗಿ ಮೂರು ಉಳಿದಿದ್ದರೆ ಪಟ್ಟಿಯ ಕಡೆ ನೋಡಬೇಕು. ಮೂರು, ನಾಲ್ಕು ಹೋಗಿ ಎರಡು ಉಳಿದಿದ್ದರೆ ಆ ಕ್ಲಚ್ಚು. ರಿವರ್ಸ್ ಸೇರಿ ಎಲ್ಲವೂ ಜಾರುತ್ತಿದ್ದರೆ ಎಲ್ಲಕ್ಕೂ ಸಮಾನವಾದದ್ದನ್ನು, ಅಂದರೆ ಎಣ್ಣೆ ಸೋಸುವ ಫಿಲ್ಟರ್, ಪಂಪು, ಒತ್ತಡ ಇವನ್ನು ನೋಡಬೇಕು. ಬಿಚ್ಚದೆಯೇ ಪೆಟ್ಟಿಗೆ ಇಷ್ಟೆಲ್ಲ ಹೇಳುತ್ತದೆ.

ಬ್ರೇಕ್ ಹಾಕಿ ನಿಲ್ಲಿಸುವಾಗಲೆಲ್ಲ ಎಂಜಿನ್ ಆರಿಹೋದರೆ ಇನ್ನೊಂದು ಕಥೆ. ಹೆದ್ದಾರಿಯಲ್ಲಿ ಪೆಟ್ರೋಲ್ ಉಳಿಸಲು ಕನ್ವರ್ಟರಿನ ಎರಡು ಭಾಗಗಳನ್ನು ಒಂದಾಗಿ ಬಂಧಿಸುವ ಕ್ಲಚ್ಚೊಂದಿದೆ. ಅದು ಬಿಡದೆ ಹಿಡಿದುಕೊಂಡಿರಬಹುದು. ಅದನ್ನು ನಿಯಂತ್ರಿಸುವ ಸೊಲೆನಾಯ್ಡ್ ಪೆಟ್ಟಿಗೆಯ ಕೆಳತಟ್ಟೆ ತೆಗೆದರೆ ಕೈಗೆ ಸಿಗುತ್ತದೆ.

ಕೆಳತಟ್ಟೆ ತೆಗೆಯುವಾಗ ಟ್ರಕ್ಕಿನಡಿ ಜ್ಯಾಕ್ ಒಂದನ್ನೇ ನಂಬಬೇಡಿ. ಗಟ್ಟಿ ಸ್ಟ್ಯಾಂಡು ಇರಲಿ, ಎಣ್ಣೆಯೂ ಆರಿರಲಿ. ತಟ್ಟೆಯ ತಳದಲ್ಲಿ ನುಣ್ಣನೆಯ ಬೂದು ಕೆಸರು ಸ್ವಲ್ಪ ಕಂಡರೆ ಗಾಬರಿ ಬೇಡ, ಅದು ವಯಸ್ಸಿನ ಸವೆತ. ಹೊಸ ಫಿಲ್ಟರ್, ಹೊಸ ಎಣ್ಣೆ ಹಾಕಿ ಮುಚ್ಚಬಹುದು. ಲೋಹದ ಚೂರುಗಳೋ ಕ್ಲಚ್ಚಿನ ಕಪ್ಪು ಪದರದ ತುಣುಕುಗಳೋ ಕಂಡರೆ ಮಾತ್ರ ಪೆಟ್ಟಿಗೆಯನ್ನು ಕೆಳಗಿಳಿಸಲೇಬೇಕು.