ತೋಟ ಕೈಬದಲಾಗುವ ಮುನ್ನ

ಸಾಗರದಿಂದ ಸುಮಾರು 6 ಕಿಲೋಮೀಟರು ದೂರದ ವರದಮೂಲದಲ್ಲಿ ಹುಟ್ಟುವ ವರದಾ ನದಿಯು ಬನವಾಸಿಯ ಮಗ್ಗುಲಲ್ಲಿ ಹರಿದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಈ ಸೀಮೆಯ ಅಡಿಕೆ ತೋಟಗಳಲ್ಲಿ ಹೆಚ್ಚಿನವು ಇಂಥ ಒರತೆ, ಹಳ್ಳಗಳ ಪಕ್ಕದ ಕಣಿವೆಗಳಲ್ಲಿಯೇ ಇವೆ. ಯಾವ ನೀರು ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಎಂಬುದು ತೋಟದ ಯಜಮಾನರಿಗೆ ಗೊತ್ತು. ಕ್ರಯಪತ್ರದಲ್ಲಿ ಅದನ್ನು ಬರೆದಿರುವುದಿಲ್ಲ.

ಮಕ್ಕಳು ಪಟ್ಟಣ ಸೇರಿ, ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದು, ತೋಟವನ್ನು ಮಾರುವುದೇ ಸರಿಯೆಂದು ನಿರ್ಧರಿಸುವ ಕುಟುಂಬಗಳು ಈಗ ಊರಿಗೆ ಒಂದೆರಡಾದರೂ ಇವೆ. ಬೆಲೆಯ ಮಾತುಕತೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ತೋಟವನ್ನು ಒಪ್ಪಿಸಿಕೊಡುವ ಕೆಲಸಕ್ಕೆ ಒಂದು ಮಧ್ಯಾಹ್ನವನ್ನೂ ಕೊಡುವುದಿಲ್ಲ.

ನಮ್ಮ ಸೀಮೆಗೆ ಭೂಮಿ ಕೈಬದಲಾಗುವುದು ಹೊಸತಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಉಳುವವರೇ ಒಡೆಯರಾದರು. ಆಗ ಹಕ್ಕು ಬಂದದ್ದು ಆ ನೆಲದ ಗುಣವನ್ನು ಚೆನ್ನಾಗಿ ಬಲ್ಲವರಿಗೆ. ಬದಲಾಗಬೇಕಾದದ್ದು ಕಾಗದ ಮಾತ್ರ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಈಗ ಕಾಗದವೇನೋ ಬೇಗ ಬರುತ್ತದೆ, ತಿಳಿವಳಿಕೆ ಬರುವುದು ನಿಧಾನ.

ಮೊದಲು ನೀರಿನ ವಿಚಾರ. ಅಡಿಕೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಬಸಿಗಾಲುವೆಯು ಬೇರಿನ ಮಟ್ಟಕ್ಕಿಂತ ಅರ್ಧದಿಂದ ಒಂದು ಅಡಿಯಷ್ಟು ಕೆಳಗಿರಬೇಕು. ಬೇಸಿಗೆಯಲ್ಲಿ ತೋಟ ನೋಡಲು ಬಂದವರಿಗೆ ದರಕು ತುಂಬಿದ ಕಾಲುವೆ ಕಾಲುದಾರಿಯಂತೆ ಕಾಣುತ್ತದೆ. ಅದನ್ನು ಮುಚ್ಚಿ ಅಲ್ಲಿಯೂ ನಾಲ್ಕು ಸಸಿ ಇಡೋಣ ಎನ್ನುವವರಿದ್ದಾರೆ! ಆಷಾಢದ ಮಳೆಯಲ್ಲಿ ಕೆಳಗಿನ ತೋಟದವರು ಜಗಳಕ್ಕೆ ಬಂದಾಗಲೇ ತಪ್ಪು ತಿಳಿಯುವುದು. ಆದುದರಿಂದ ಮಾರಿದವರು ಮೊದಲ ಮಳೆಗಾಲದಲ್ಲಿ ಎರಡು ಬಾರಿಯಾದರೂ ಬಂದು, ಮಳೆ ಸುರಿಯುತ್ತಿರುವಾಗಲೇ ಹೊಸಬರೊಡನೆ ತೋಟ ಸುತ್ತಬೇಕೆಂದು ಮಾತಿನಲ್ಲಿಯೇ ಸೇರಿಸಿಕೊಳ್ಳಬೇಕು. ಗುಡ್ಡದ ನೀರನ್ನು ಪಾಳಿಯ ಮೇಲೆ ಹಂಚಿಕೊಳ್ಳುವ ಕಡೆ, ಪಾಳಿಯ ದಿನ ಯಾವುದು, ಕಾಲುವೆ ಕೆಲಸಕ್ಕೆ ಎಷ್ಟು ಆಳು ಕೊಡಬೇಕು ಎಂಬುದನ್ನು ನೆರೆಯವರ ಎದುರಿನಲ್ಲಿಯೇ ಹೇಳಿಬಿಡುವುದು ಲೇಸು.

ಸೊಪ್ಪಿನ ಬೆಟ್ಟದ ವಿಚಾರದಲ್ಲಿ ಮೋಸಹೋಗುವವರು ಹೆಚ್ಚು. ಬೆಟ್ಟ ಸರ್ಕಾರದ್ದು. ತೋಟಿಗರಿಗಿರುವುದು ಸೊಪ್ಪು, ದರಕು ತರುವ ಸೌಲಭ್ಯ ಮಾತ್ರ, ಅದೂ ತೋಟಕ್ಕೆ ಅಂಟಿಕೊಂಡು ಬಂದದ್ದು. 1964ರ ಭೂಕಂದಾಯ ಕಾಯ್ದೆಯು ಈ ಸೌಲಭ್ಯವನ್ನು ಉಳಿಸಿದೆಯೇ ಹೊರತು ಬೆಟ್ಟವನ್ನು ಯಾರಿಗೂ ಸ್ವಂತಕ್ಕೆ ಕೊಟ್ಟಿಲ್ಲ. ಬೆಟ್ಟವನ್ನೂ ಎಕರೆ ಲೆಕ್ಕದಲ್ಲಿ ಬೆಲೆಗೆ ಸೇರಿಸುವ ದಲ್ಲಾಳಿಗಳ ಮಾತಿಗೆ ಕಿವಿಗೊಡಬಾರದು.

ಕಾಗದಪತ್ರದ ಸಂಗತಿ ಬಹುಪಾಲು ಎಲ್ಲರಿಗೂ ತಿಳಿದದ್ದೇ. ಪಹಣಿಯ 9ನೆಯ ಕಾಲಂನಲ್ಲಿ ಮಾರುವವರ ಹೆಸರೇ ಇದೆಯೇ, 11ನೆಯದರಲ್ಲಿ ಸೊಸೈಟಿಯ ಅಥವಾ ಬ್ಯಾಂಕಿನ ಸಾಲ ಉಳಿದಿದೆಯೇ ಎಂದು ನೋಡಬೇಕು. ತಂದೆಯ ಹೆಸರಿನಲ್ಲಿಯೇ ಖಾತೆ ಉಳಿದಿದ್ದರೆ ಮೊದಲು ಪೌತಿ ಖಾತೆ ಆಗಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆ ಬೇಕು. ಪಂಪಿನ ವಿದ್ಯುತ್ ಸಂಪರ್ಕವನ್ನು ಮೆಸ್ಕಾಂನಲ್ಲಿ ಹೊಸಬರ ಹೆಸರಿಗೆ ಬದಲಾಯಿಸುವುದನ್ನು ಹಲವರು ಮರೆಯುತ್ತಾರೆ.

ಯಾವ ತಿಂಗಳಲ್ಲಿ ನೋಂದಣಿ ಮಾಡಿಸಬೇಕು? ಕೊನೆಕೊಯ್ಲು ಮುಗಿದ ಮೇಲೆ, ಶಿವರಾತ್ರಿಯಿಂದ ಯುಗಾದಿಯೊಳಗೆ ಎಂದು ನಮ್ಮ ಅಭಿಪ್ರಾಯ. ಫಸಲು ಯಾರದ್ದೆಂಬ ತಕರಾರು ಆಗ ಇರುವುದಿಲ್ಲ. ಫಸಲನ್ನು ಮೊದಲೇ ಚೇಣಿಗೆ ಕೊಟ್ಟಿದ್ದರೆ ಮಾತ್ರ ಆ ಕರಾರನ್ನು ಮುಚ್ಚಿಡದೆ ಹೇಳಬೇಕು. ಖಾತೆ ಬದಲಾವಣೆಗೆ ನೋಟಿಸಿನ ಅವಧಿ ಕಳೆಯಬೇಕು. ಪಹಣಿಯಲ್ಲಿ ಹೆಸರು ಬಾರದೆ ಬೆಳೆಸಾಲವೂ ಇಲ್ಲ, ಹವಾಮಾನ ಆಧಾರಿತ ಬೆಳೆ ವಿಮೆಯೂ ಇಲ್ಲ. ವಿಮೆ ಕಂತಿನ ಗಡುವು ಸಾಮಾನ್ಯವಾಗಿ ಮಳೆಗಾಲದ ಆರಂಭಕ್ಕೇ ಬರುತ್ತದೆ. ಕೊಳೆರೋಗಕ್ಕೆ ಮೊದಲನೆಯ ಬೋರ್ಡೋ ಸಿಂಪಡಣೆಯೂ ಮಳೆ ಹಿಡಿಯುವ ಮುಂಚೆಯೇ ಆಗಬೇಕು, ಎರಡನೆಯದು 40-45 ದಿನಗಳ ನಂತರ. ಮೇ ತಿಂಗಳ ಕೊನೆಯಲ್ಲಿ ತೋಟ ಕೊಂಡವರು ಔಷಧಿ ಹೊಡೆಯುವ ಆಳನ್ನು ಹುಡುಕುವಷ್ಟರಲ್ಲಿ ಮಳೆ ಬಂದಿರುತ್ತದೆ.

ಆಳುಗಳ ವಿಷಯ ಸೂಕ್ಷ್ಮ. ಕೊನೆ ತೆಗೆಯುವವರು ಇಂದು ಸುಲಭಕ್ಕೆ ಸಿಗುವುದಿಲ್ಲ. ಅವರನ್ನು ಮನೆಗೆ ಕರೆಸಿ, ಹಳೆಯ ಮುಂಗಡದ ಲೆಕ್ಕ ತೀರಿಸಿ, "ಇನ್ನು ಮೇಲೆ ಇವರು ನಿಮ್ಮ ಒಡೆಯರು, ಬಿಟ್ಟುಹೋಗಬೇಡಿ" ಎಂದು ಮಾರುವವರೇ ಪರಿಚಯ ಮಾಡಿಕೊಟ್ಟರೆ ಅದಕ್ಕೊಂದು ತೂಕವಿರುತ್ತದೆ. ತಾವಾಗಿ ಹೋಗಿ ಕರೆದ ಹೊಸಬರಿಗೆ ಆ ಮರ್ಯಾದೆ ಕೂಡಲೇ ಸಿಗದು.

ಇನ್ನು ಒಂದು ಸಾಮಾನ್ಯ ನೋಟುಬುಕ್ಕು. ಯಾವ ಭಾಗಕ್ಕೆ ಯಾವ ವರ್ಷ ಗೊಬ್ಬರ ಹಾಕಿದ್ದು, ಎಲೆಚುಕ್ಕಿ ಮೊದಲು ಕಂಡ ಮೂಲೆ, ಹೊಸ ಸಸಿ ಇಟ್ಟ ವರ್ಷ, ಪ್ರತಿ ಸಾಲಿನಲ್ಲಿ ಫಸಲು ಕೊಡುವ ಮರಗಳೆಷ್ಟು, ಬೇಸಿಗೆಯಲ್ಲಿ ಬಾವಿಯ ನೀರು ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಬರೆದು ಕೊಡಬೇಕು. ಬರೆಯಲು ಕಣ್ಣು ಮಂಜಾಗಿದ್ದರೆ ಹೇಳುತ್ತಾ ಹೋಗಲಿ, ಕೊಳ್ಳುವವರು ಬರೆದುಕೊಳ್ಳಲಿ. ಹಂಡೆಯ ಜೊತೆಗೆ ಹಿಂದಿನ ವರ್ಷದ ಚೊಗರು ಉಳಿದಿದ್ದರೆ ಅದನ್ನು ಚೆಲ್ಲದೆ ಬಿಟ್ಟುಹೋಗಿ; ಹೊಸಬರಿಗೆ ಮೊದಲನೆಯ ವರ್ಷ ಅಡಿಕೆ ಬೇಯಿಸುವಾಗ ಬಣ್ಣಕ್ಕೆ ಬೇಕಾಗುತ್ತದೆ.